ಘಾಟಿ ರಸ್ತೆಗೆ ಮಿಲಿಟರಿ ರೇನ್‌ಕೋಟ್ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯುವ ಮುಂಚೆಯೇ ಹೊಸನಗರ, ತೀರ್ಥಹಳ್ಳಿ ಕಡೆಯ ಸಂತೆಗಳಲ್ಲಿ ಹಸಿರು-ಕಂದು ಮಚ್ಚೆಗಳ ‘ಮಿಲಿಟರಿ’ ರೇನ್‌ಕೋಟುಗಳ ರಾಶಿ ಬಿದ್ದಿದೆ. ಕೊಳೆ ಕಾಣುವುದಿಲ್ಲ, ಬೆಲೆ ಕಮ್ಮಿ, ಹುಡುಗರಿಗೆ ಗತ್ತು ಬೇರೆ. ಇದನ್ನು ತೊಟ್ಟು ಬೈಕಿನಲ್ಲಿ ಹುಲಿಕಲ್, ಆಗುಂಬೆ ಘಾಟಿ ಇಳಿಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಸೇನೆಯಲ್ಲಿ ಹವಾಲ್ದಾರನಾಗಿ ಇಂಥದೇ ಬಟ್ಟೆ ತೊಟ್ಟು ಕಾಡಿನಲ್ಲಿ ಮಲಗಿದವನು ನಾನು. ಅದು ಮನುಷ್ಯನನ್ನು ಕಣ್ಣಿಗೆ ಕಾಣದಂತೆ ಎಷ್ಟು ಚೆನ್ನಾಗಿ ಮರೆಮಾಡುತ್ತದೆಂದು ಬಲ್ಲೆ.

ಕಣ್ಣು ಮನುಷ್ಯನನ್ನು ಗುರುತು ಹಿಡಿಯುವುದು ತಲೆ, ಹೆಗಲು, ತೋಳಿನ ಅಂಚಿನಿಂದ. ದೊಡ್ಡ ಮಚ್ಚೆಗಳು ಆ ಅಂಚನ್ನು ದೂರದಿಂದಲೇ ಒಡೆಯುತ್ತವೆ, ಸಣ್ಣವು ಹತ್ತಿರದಲ್ಲಿ ಎಲೆ-ನೆರಳಿನೊಳಗೆ ಸೇರಿಹೋಗುತ್ತವೆ. 1990ರ ದಶಕದಲ್ಲಿ ಕೆನಡಾದವರು ಕಂಪ್ಯೂಟರಿನಲ್ಲಿ ಪುಟ್ಟ ಪುಟ್ಟ ಚೌಕಗಳಿಂದಾದ ಮಚ್ಚೆಗಳ ವಿನ್ಯಾಸ ಮಾಡಿದ್ದು, ಅಮೆರಿಕದ ಮರೀನ್ ಪಡೆ ಅದೇ ದಾರಿ ಹಿಡಿದದ್ದು ಇದಕ್ಕೇ. ನಮ್ಮ ಸೇನೆಯ ಹೊಸ ಸಮವಸ್ತ್ರವೂ ಆ ಜಾತಿಯದೇ. ದೆಹಲಿಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಜೊತೆ ಸೇರಿ ರೂಪಿಸಿದ ಅದನ್ನು 2022ರ ಜನವರಿ 15ರ ಸೇನಾ ದಿನದ ಪರೇಡಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನವರು ತೊಟ್ಟು ನಡೆದರು. ಆಲಿವ್ ಹಸಿರು, ಮಣ್ಣಿನ ಬಣ್ಣ. ಹತ್ತಿ 70 ಪಾಲು, ಪಾಲಿಯೆಸ್ಟರ್ 30. ನಮ್ಮ ಕಾಲದ ಬಟ್ಟೆ ನೆಂದರೆ ಒಣಗುತ್ತಲೇ ಇರಲಿಲ್ಲ, ಈಗಿನ ಹುಡುಗರು ಪುಣ್ಯವಂತರು!

ಮರಳುಗಾಡು, ಕಾಡು, ಪೇಟೆ ಎಲ್ಲಕ್ಕೂ ಒಂದೇ ಸಾಕೆಂದು ಅಮೆರಿಕದ ಭೂಸೇನೆ 2004ರಲ್ಲಿ ತಂದ ಬೂದು ಛಾಯೆಯ ವಿನ್ಯಾಸ ಅಫ್ಘಾನಿಸ್ತಾನದಲ್ಲಿ ಹೊಂದದೆ, ಕೊನೆಗೆ ಅದನ್ನು ಕೈಬಿಟ್ಟರು. ಸಂತೆಯ ಹಸಿರು-ಕಂದು ಪ್ರಿಂಟಿಗೆ ಆ ತೊಂದರೆಯಿಲ್ಲ. ಮಲೆನಾಡಿಗೆ ಹೇಳಿ ಮಾಡಿಸಿದಂತಿದೆ. ಜುಲೈ ತಿಂಗಳಲ್ಲಿ, ಮಧ್ಯಾಹ್ನಕ್ಕೇ ಮಂಜು ಕವಿದ ತಿರುವಿನಲ್ಲಿ, ಪಾಚಿ ಹಿಡಿದ ದರೆಯ ಮುಂದೆ ಬರುವ ಬೈಕಿನವನು ಬಸ್ ಚಾಲಕನಿಗೆ ಎಲ್ಲಿಂದ ಕಾಣಬೇಕು? ಹೆಡ್‌ಲೈಟ್ ಎದುರಿನವರಿಗಷ್ಟೇ, ಹಿಂದಿನಿಂದ ಬರುವ ಲಾರಿಗೆ ಕಾಣುವುದು ಬೆನ್ನು.

ಹಂದಿ ಕಾಯಲು ಕೋವಿ ಹಿಡಿದು ಕೂರುವ ಊರುಗಳೂ ನಮ್ಮವೇ. ದರಗೆಲೆ ಗುಡಿಸಿ ತರಲು, ಅಣಬೆಗೆಂದು ಮುಸ್ಸಂಜೆ ಕಾನಿಗೆ ಹೋಗುವವರು ಇದೇ ಪ್ರಿಂಟಿನ ಪ್ಯಾಂಟನ್ನೂ ಮನೆಯಲ್ಲೇ ಬಿಡಲಿ.

ಸೇನೆಯ ಹೊಸ ವಿನ್ಯಾಸ ನೋಂದಣಿಯಾಗಿದೆ, ಅದನ್ನು ನಕಲು ಮಾಡಿ ಮಾರುವಂತಿಲ್ಲ. ಸೈನಿಕನೆಂದು ನಂಬಿಸಲು ಸೇನೆಯ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳವರೆಗೂ ಜೈಲಿದೆ. ಸಂತೆಯ ಮಾಲು ಬಹುಪಾಲು ಯಾವ ಸೇನೆಯದೂ ಅಲ್ಲ, ಹಾಗಾಗಿ ಪೊಲೀಸರನ್ನು ಕರೆಯಿರಿ ಎನ್ನುತ್ತಿಲ್ಲ.

ಅಂಗಡಿಯವರು ಹಳದಿ, ಕಿತ್ತಳೆ ಬಣ್ಣದ್ದನ್ನು ಮುಂದೆ ತೂಗುಹಾಕಲಿ. ಕೆಲಸದವರಿಗೆ ರೇನ್‌ಕೋಟ್ ಕೊಡಿಸುವ ತೋಟದ ಮಾಲೀಕರು ಇಪ್ಪತ್ತು ಮೂವತ್ತು ರೂಪಾಯಿಯ ಮುಖ ನೋಡುವುದು ಬೇಡ. ಈಗಾಗಲೇ ಕೊಂಡಿರುವವರು ಬೆನ್ನಿಗೆ, ಎರಡೂ ತೋಳಿಗೆ ಅಗಲವಾದ ರಿಫ್ಲೆಕ್ಟರ್ ಪಟ್ಟಿ ಹೊಲಿಸಿಕೊಳ್ಳಲಿ. ಬರೀ ಅಂಟಿಸಿದರೆ ನಮ್ಮ ಮಳೆಗೆ ನಿಲ್ಲುವುದಿಲ್ಲ.

— ನಿವೃತ್ತ ಹವಾಲ್ದಾರ, ಹೊಸನಗರ ತಾಲ್ಲೂಕು