ಅವ್ವಾ, ನಮ್ಮ ಪುಂಡಿ ಪಲ್ಯ ಗಟಾರ ನೀರಿನದಲ್ಲ

ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ಪ್ರೀತಿಯ ಅವ್ವ,

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ನೋವು ಈಗ ಹೇಗಿದೆ? ಮೊನ್ನೆ ಫೋನಿನಲ್ಲಿ ನೀನು "ಗಟಾರ ನೀರಿನ ಪಲ್ಯ ತಿಂತೀಯಾ?" ಅಂತ ಕೇಳಿ ಸುಮ್ಮನಾಗಿಬಿಟ್ಟೆ. ಆಮೇಲೆ ವೈನಿ ಹತ್ತಿರ ಇನ್ನೂ ಏನೇನೋ ಅಂದೆಯಂತೆ, ಎಲ್ಲ ಗೊತ್ತಾಯಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಅಣ್ಣ ಪಕ್ಕದಲ್ಲಿದ್ದಾಗ ಓದು, ಅವನಿಗೂ ಒಂದು ಮಾತಿದೆ.

ನಮ್ಮ ಮನೆ ಹತ್ತಿರ ಖಾಲಿ ಬಿದ್ದಿದ್ದ ಜಾಗದಲ್ಲಿ ಹೊಸದಾಗಿ ಸಮುದಾಯ ತೋಟ ಶುರುವಾಗಿದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಮಣ್ಣು ಎಲ್ಲಿ ಸಿಗಬೇಕು, ಹಾಗಾಗಿ ಒಬ್ಬೊಬ್ಬರಿಗೆ ಒಂದು ಮಡಿ ಅಂತ ಬಾಡಿಗೆಗೆ ಕೊಡುತ್ತಾರೆ. ನಮ್ಮ ಪಕ್ಕದ ಮಡಿ ಒಬ್ಬ ವಿಯೆಟ್ನಾಂ ಅಜ್ಜಿಯದು, ಯಾವ ಸೊಪ್ಪು ಹಾಕಿದರೂ ಆಕೆಯದೇ ಮೊದಲು ಏಳುತ್ತದೆ. ಆಚೆ ಕಡೆ ತೆಲುಗು ಅಕ್ಕ ಒಬ್ಬರಿದ್ದಾರೆ. ಪುಂಡಿ ಬೀಜ ಕೊಟ್ಟವರು ಅವರೇ. ನಾನು ಪುಂಡಿ, ಮೆಂತ್ಯ, ರಾಜಗಿರಿ, ನಾಲ್ಕು ಮೆಣಸಿನ ಗಿಡ ಹಾಕಿದ್ದೇನೆ.

ಈಗ ನೀರಿನ ವಿಷಯ. ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಅದೂ ವರ್ಷಕ್ಕೆ ಸುಮಾರು 15 ಇಂಚು ಅಷ್ಟೇ. ಬೇಸಿಗೆ ಪೂರ್ತಿ ಒಣ. ಹಾಗಾಗಿ ತೋಟಕ್ಕೆ ಕುಡಿಯುವ ನೀರು ಬಿಡುವುದಿಲ್ಲ, ಊರಿನ ಕೊಳೆ ನೀರನ್ನೇ ಶುದ್ಧ ಮಾಡಿ ಬೇರೆ ಪೈಪಿನಲ್ಲಿ ಕಳಿಸುತ್ತಾರೆ. ಆ ಪೈಪುಗಳೆಲ್ಲ ನೇರಳೆ ಬಣ್ಣ. ಇಡೀ ರಾಜ್ಯದಲ್ಲಿ ಅದೇ ಬಣ್ಣ, ಕುಡಿಯುವ ನೀರಿನ ಪೈಪಿಗೆ ಯಾರೂ ತಪ್ಪಿ ಜೋಡಿಸಬಾರದು ಅಂತ. ಮಾಮೂಲಿ ನಲ್ಲಿ ಇಲ್ಲ. ನೆಲದಲ್ಲಿ ಒಂದು ಮುಚ್ಚಳ ಇದೆ, ಅದಕ್ಕೆ ನಮಗೆ ಕೊಟ್ಟಿರುವ ಕೀಲಿ ಹಾಕಿ ತಿರುಗಿಸಿದರೆ ಮಾತ್ರ ನೀರು. ಪಕ್ಕದಲ್ಲೇ ಬೋರ್ಡು: ಒಂದು ಲೋಟದ ಚಿತ್ರ, ಅದರ ಮೇಲೆ ಅಡ್ಡಗೆರೆ. ಕೈ ತೊಳೆಯಲು, ಸೊಪ್ಪು ತೊಳೆಯಲು ಕುಡಿಯುವ ನೀರಿನ ನಲ್ಲಿ ಬೇರೆ ಇದೆ.

ಶುದ್ಧ ಮಾಡುವುದು ಅಂದರೆ ಸುಮ್ನೆ ಬಟ್ಟೆಯಲ್ಲಿ ಸೋಸುವುದಲ್ಲ ಅವ್ವ. ಮೊದಲು ಕಸ ತೆಗೆದು ಕೆಸರು ಕೆಳಗೆ ಕೂರಿಸುತ್ತಾರೆ. ಆಮೇಲೆ ಗಾಳಿ ಊದುತ್ತಾ ಬ್ಯಾಕ್ಟೀರಿಯಾದಿಂದ ಉಳಿದ ಹೊಲಸು ತಿನ್ನಿಸುತ್ತಾರೆ, ಮತ್ತೆ ಕೂರಿಸಿ, ಸೋಸಿ, ಕೊನೆಗೆ ಕ್ಲೋರಿನ್. ಇಷ್ಟಾದ ನೀರು ನೇರವಾಗಿ ಎಲೆಗೆ ತಾಗಿದರೂ, ಅದನ್ನು ಗಜ್ಜರಿಯಂಥ ಗಡ್ಡೆಗೆ ಹಾಕಿದರೂ ನಡೆಯುತ್ತದೆ ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ದಕ್ಷಿಣಕ್ಕೆ ಕ್ಯಾಸ್ಟ್ರೊವಿಲ್ ಅಂತ ಊರಿದೆ, ಅಲ್ಲಿ 1998ರಿಂದ ಸುಮಾರು 12,000 ಎಕರೆಗೆ ಇಂಥ ನೀರು ಹೋಗುತ್ತಿದೆ. ಹೂಕೋಸು, ಸ್ಟ್ರಾಬೆರಿ, ಹಸಿಯಾಗಿಯೇ ತಿನ್ನುವ ಲೆಟ್ಯೂಸ್ ಎಲ್ಲ ಬೆಳೆಯುತ್ತಾರೆ.

ಒಂದು ತಮಾಷೆ ಕೇಳು. ಇಲ್ಲಿ ನಮ್ಮೂರಲ್ಲಿ ಈ ಪೈಪು ಮೊದಲು ಹಾಕಿದ್ದು ನೀರಿಲ್ಲ ಅಂತಲ್ಲ, ಜಾಸ್ತಿ ಆಯಿತು ಅಂತ! ಶುದ್ಧ ಮಾಡಿದ ನೀರನ್ನೆಲ್ಲ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಬಿಡುತ್ತಿದ್ದರು. ಅಲ್ಲಿನ ಉಪ್ಪುನೀರಿನ ಜೌಗು ಸಿಹಿಯಾಗಿ, ಅಲ್ಲೇ ಬದುಕುವ ಒಂದು ಜಾತಿ ಇಲಿಗೂ ಒಂದು ಹಕ್ಕಿಗೂ ಜಾಗ ಇಲ್ಲದಂತಾಗುತ್ತಿತ್ತು. ಅದಕ್ಕೆ 90ರ ದಶಕದಲ್ಲಿ ನೀರನ್ನು ಊರಿನ ಕಡೆ ತಿರುಗಿಸಿದರು.

ತೊಂದರೆ ಇಲ್ಲ ಅಂತಲ್ಲ. ಈ ನೀರಿನಲ್ಲಿ ಉಪ್ಪು ಜಾಸ್ತಿ. ಬೀನ್ಸ್ ಎಲೆಯ ಅಂಚು ಕಂದಾಗಿ ಸುಟ್ಟ ಹಾಗಾಗುತ್ತದೆ, ಮಡಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಸವಳು ನೆಲ ನೋಡಿದ್ದೀಯಲ್ಲ, ಅದೇ. ಅದಕ್ಕೆ ಆಗಾಗ ಒಮ್ಮೆ ಧಾರಾಳವಾಗಿ ನೀರು ಬಿಟ್ಟು ಉಪ್ಪನ್ನು ಬೇರಿಗಿಂತ ಕೆಳಗೆ ಇಳಿಸಬೇಕು. 2014ರಲ್ಲಿ ಇಲ್ಲೊಂದು ದೊಡ್ಡ ಘಟಕ ಶುರುವಾಯಿತು. ದಿನಕ್ಕೆ ಸುಮಾರು 3 ಕೋಟಿ ಲೀಟರನ್ನು ಇನ್ನೂ ಸಣ್ಣ ಜರಡಿಯಲ್ಲಿ, ಆರ್‌ಓದಲ್ಲಿ ಸೋಸಿ ಪೈಪಿನ ನೀರಿಗೆ ಬೆರೆಸುತ್ತಾರೆ, ಉಪ್ಪು ಕಡಿಮೆಯಾಗಲಿ ಅಂತ. ಪುಂಡಿ ಮಾತ್ರ ಯಾವುದಕ್ಕೂ ಜಗ್ಗಿಲ್ಲ. ನೀರಿನಲ್ಲೇ ಒಂದಿಷ್ಟು ಸಾರಜನಕ ಇರುವುದರಿಂದ ಗೊಬ್ಬರವೂ ಕಡಿಮೆ ಸಾಕು.

ಅಪ್ಪ ಏನನ್ನುತ್ತಾರೆ ಅಂತ ಗೊತ್ತು. "ನಮ್ಮ ನೌಬಾದದ ಸುರಂಗ ಬಾವಿಗೆ ಮೋಟಾರೂ ಬೇಕಿರಲಿಲ್ಲ, ಕ್ಲೋರಿನ್ನೂ ಬೇಕಿರಲಿಲ್ಲ." ನಿಜ. ಬಹಮನಿಯರ ಕಾಲದಲ್ಲಿ ಬೀದರಿನ ಹತ್ತಿರ ಜಂಬಿಟ್ಟಿಗೆಯಲ್ಲಿ ಸುರಂಗ ಕೊರೆದು, ಬರೀ ಇಳಿಜಾರಿನ ಮೇಲೆ ನೀರು ಹರಿಸಿದ್ದರು. ಇಲ್ಲಿಯವರಿಗೆ ಅದರ ಫೋಟೋ ತೋರಿಸಿದರೆ ಬಾಯಿ ಮೇಲೆ ಬೆರಳಿಡುತ್ತಾರೆ. ಆದರೆ ಆಗಿನ ಬೀದರಿನಲ್ಲಿ ಇಷ್ಟು ಮಂದಿ ಎಲ್ಲಿದ್ದರು, ಮನೆಮನೆಗೆ ಫ್ಲಶ್ ಎಲ್ಲಿತ್ತು?

ಈಗ ಅಣ್ಣನಿಗೆ. "ಬಾವಿ ತಳ ಕಂಡಿದೆ, ಊರಿನ ಕೊಳೆ ಹರಿಯುವ ನಾಲೆಗೆ ಮೋಟಾರ್ ಹಚ್ಚಿ ಕೊತ್ತಂಬರಿ, ಪಾಲಕ್ ಹಾಕುತ್ತೇನೆ, ನೀನೂ ಅದನ್ನೇ ತಿನ್ನುತ್ತೀಯಲ್ಲ" ಅಂದೆಯಂತೆ. ಅದು ಇದಲ್ಲ ಅಣ್ಣಾ. ನಾಲೆಯದು ಏನೂ ಮಾಡದ ಹಸಿ ಕೊಳೆ ನೀರು. ಟೈಫಾಯ್ಡ್, ಕಾಮಾಲೆ, ಜಂತುಹುಳದ ಮೊಟ್ಟೆ, ಎಲ್ಲ ಅದರಲ್ಲೇ ಇರುತ್ತವೆ. ಕೊತ್ತಂಬರಿಯನ್ನು ನಾವು ಹಸಿಯಾಗಿಯೇ ಉದುರಿಸುತ್ತೇವೆ ಅಲ್ವಾ? ಬರಿಗಾಲಲ್ಲಿ ಆ ಕೆಸರಿನಲ್ಲಿ ನಿಂತು ಕಳೆ ತೆಗೆಯುವ ಹೆಣ್ಣಾಳುಗಳಿಗೆ ಕೊಕ್ಕೆಹುಳು ಹತ್ತುತ್ತದೆ, ಅದನ್ನೂ ನೋಡು. ಬಚ್ಚಲ ನೀರನ್ನು ಹಿತ್ತಲ ಬಾಳೆಗೆ, ಕರಿಬೇವಿಗೆ ಬಿಡುತ್ತೇವಲ್ಲ, ಅದಕ್ಕೆ ನನ್ನದೇನೂ ತಕರಾರಿಲ್ಲ. ಸೊಪ್ಪನ್ನು ಮಾತ್ರ ಬಾವಿ ನೀರಿನಲ್ಲೇ ಬೆಳೆ, ನೀರು ಸಾಲದಿದ್ದರೆ ಅರ್ಧ ಜಾಗಕ್ಕೆ ಹಾಕು, ಡ್ರಿಪ್ ಎಳಿ. ಡ್ರಿಪ್ಪಿನ ಖರ್ಚಿಗೆ ನಾನು ಕಳಿಸುತ್ತೇನೆ.

ಅವ್ವ, ಇಲ್ಲಿಯ ಪುಂಡಿ ದೇವರ ನೈವೇದ್ಯಕ್ಕೂ ಇಟ್ಟಿದ್ದೇನೆ, ಸಿಟ್ಟು ಮಾಡಬೇಡ. ಪಾರ್ಸಲ್ಲಿನಲ್ಲಿ ಶೇಂಗಾ ಹಿಂಡಿ ಕಳಿಸು, ಬೀಜ ಮಾತ್ರ ಇಡಬೇಡ, ಪರ್ಮಿಟ್ ಇಲ್ಲದ ಬೀಜವನ್ನು ಕಸ್ಟಮ್ಸ್‌ನವರು ಬಿಡುವುದಿಲ್ಲ. ಅಣ್ಣ ನನ್ನ ಮಾತು ಒಪ್ಪದಿದ್ದರೆ ರವಿವಾರ ಫೋನ್ ಮಾಡಿಸು.

ನಿನ್ನ ಮಗಳು