ಹೂಳಿನ ಲೆಕ್ಕ ಮೊದಲು, ಬ್ರೇಕರ್ ಆಮೇಲೆ

ಮಾನ್ಯ ಸಂಪಾದಕರೇ,

ಹೂಳು ತುಂಬಿ, ನೀರು ತಡೆಯಲು ಹಲಗೆ ಹಾಕುವವರೂ ಇಲ್ಲದೆ ನಿಂತಿರುವ ಹಳ್ಳದ ಚೆಕ್‌ ಡ್ಯಾಂಗಳನ್ನು ತೆಗೆದುಬಿಡಿ ಎಂಬ ಮಾತು ನಮ್ಮ ಮಲೆನಾಡಿನಲ್ಲಿ ಆಗಾಗ ಬರುತ್ತದೆ. ತೆಗೆಯುವುದು ಒಳ್ಳೆಯದೇ. ಮೊದಲ ಮಳೆಗೆ ಹೇಮಾವತಿಯಿಂದ ಹಳ್ಳಕ್ಕೆ ಏರುವ ಹತ್ತುಮೀನಿಗೆ ಮೂರಡಿಯ ಗೋಡೆಯೂ ಗೋಡೆಯೇ. ಆದರೆ ಎಸ್ಟಿಮೇಟಿನಲ್ಲಿ ಬ್ರೇಕರ್ ಯಂತ್ರ ತಂದು ಕಾಂಕ್ರೀಟ್ ಒಡೆಯುವ ಖರ್ಚು ಮಾತ್ರ ಇದ್ದು ಹೂಳಿನ ಮಾತೇ ಇಲ್ಲದಿದ್ದರೆ, ಅಂಥ ಕೆಲಸ ಆಗದಿರುವುದೇ ವಾಸಿ.

ಹೂಳು ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಕಬ್ಬಿಣದ ಸರಳನ್ನು ಗಟ್ಟಿ ನೆಲ ತಾಗುವವರೆಗೆ ಚುಚ್ಚುತ್ತ, ಹತ್ತು ಮೀಟರಿಗೊಮ್ಮೆ ಆಳ ಬರೆದುಕೊಂಡರಾಯಿತು. ಹಳ್ಳ 12 ಮೀಟರ್ ಅಗಲವಿದ್ದು, ಕಟ್ಟೆಯ ಬುಡದಲ್ಲಿ 2 ಮೀಟರ್ ಇರುವ ಹೂಳು 100 ಮೀಟರ್ ಮೇಲಕ್ಕೆ ಹೋಗುವಷ್ಟರಲ್ಲಿ ಮುಗಿಯುತ್ತದೆ ಎನ್ನಿ: 1200 ಘನ ಮೀಟರ್ ಆಯಿತು. 6 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 200 ಲೋಡು. ಅದನ್ನು ದಂಡೆಯ ಮೇಲೆ ಸುರಿದರೆ ಜೂನ್‌ನಲ್ಲಿ ಮತ್ತೆ ಹಳ್ಳಕ್ಕೇ ಬರುತ್ತದೆ. ಗದ್ದೆಗೆ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಬೇಕು, ಅದರಲ್ಲಿ ತಾಮ್ರವನ್ನೂ ನೋಡಿ ಎಂದು ಕೇಳಿಯೇ ಮಾಡಿಸಬೇಕು. ಕಾಫಿಗೆ, ಅಡಿಕೆಗೆ ರೋಗ ತಡೆಯಲು ವರ್ಷಾವರ್ಷ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಲವಣ) ಮಣ್ಣಿನ ಜೊತೆ ಕೊಚ್ಚಿಬಂದು ಈ ಹೂಳಿನಲ್ಲಿ ಕೂತಿರಬಹುದು. ತಾಮ್ರ ಮೀನಿಗೆ ವಿಷ. ಅಮೆರಿಕದ ಹಡ್ಸನ್ ನದಿಯಲ್ಲಿ 1973ರಲ್ಲಿ ಫೋರ್ಟ್ ಎಡ್ವರ್ಡ್ ಅಣೆಕಟ್ಟೆ ಕಿತ್ತಾಗ, ಅದರ ಹಿಂದೆ ಕೂತಿದ್ದ ಪಿಸಿಬಿ ಎಂಬ ಕಾರ್ಖಾನೆ ವಿಷ ಹೂಳಿನೊಂದಿಗೆ ಕೆಳಗೆ ಹರಿದು ದಶಕಗಳ ತಲೆನೋವಾಯಿತು.

ಹಾಗೆಂದು ಎಲ್ಲವನ್ನೂ ಬಾಚಬಾರದು. ಗರಸು, ದಪ್ಪ ಮರಳು ಹಳ್ಳದ ಸೊತ್ತು. ಮಹಶೀರ್ ಮೊಟ್ಟೆಯಿಡುವುದು ಗರಸಿನ ತಳದಲ್ಲಿ. ಅದನ್ನು ಹಳ್ಳದಲ್ಲೇ ಉಳಿಸಿದರೆ ಮಳೆಗಾಲದ ನೀರೇ ಕೆಳಗೆ ಹಂಚುತ್ತದೆ. ತೆಗೆಯಬೇಕಾದ್ದು ನಾರುವ ಕಪ್ಪು ಕೆಸರು. (ಹೂಳಿನ ನೆಪದಲ್ಲಿ ಮರಳು ಲಾರಿ ಹತ್ತದಂತೆ ಕಾಯುವುದು ಬೇರೆಯೇ ಕೆಲಸ.)

ಕಾಲ ಜನವರಿ ಕೊನೆಯಿಂದ ಮಾರ್ಚ್ ಒಳಗೆ. ಮೇಲಿನ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ಇನ್ನೂ ಹಳ್ಳ ಸೇರುತ್ತಿದ್ದರೆ ಅದು ನಿಲ್ಲುವವರೆಗೆ ತಡೆಯಿರಿ. ಅದೂ ಕೆಸರೂ ಒಟ್ಟಿಗೆ ಸೇರಿ ನೀರಿನ ಆಮ್ಲಜನಕ ಹೀರಿದರೆ ಕೆಳಗಿನ ಗುಂಡಿಗಳಲ್ಲಿ ಬೇಸಿಗೆ ಕಳೆಯುವ ಮೀನು ಉಳಿಯದು. ಮೇ ತಿಂಗಳಿಗೆ ಎಳೆಯುವುದು ಬೇಡ.

ಗೋಡೆಯನ್ನು ಒಂದೇ ಏಟಿಗೆ ಬೀಳಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮರಳಿನ ಮೂಟೆ ಪೇರಿಸಿ ನೀರನ್ನು ಒಂದು ಬದಿಗೆ ತಿರುಗಿಸಿ, ಇನ್ನೊಂದು ಬದಿಯಲ್ಲಿ ಅರ್ಧ ಅಡಿಯಷ್ಟು ಕಚ್ಚು ಮಾಡಿ, ನೀರು ತಿಳಿಯಾದ ಮೇಲೆ ಮುಂದಿನ ಕಚ್ಚು. ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸಬಾರದು. ಅವಸರ ಮಾಡಿದರೆ ನೀರು ಕುಡಿದು ಭಾರವಾದ ದಂಡೆ ಕುಸಿಯುತ್ತದೆ, ಕಪ್ಪೆಚಿಪ್ಪುಗಳು ಕೆಸರಿನಲ್ಲೇ ಒಣಗುತ್ತವೆ. ಅವು ಓಡಲಾರವು, ನೀರು ಇಳಿದ ಹಾಗೆಲ್ಲ ದಿನವೂ ಕೈಯಿಂದ ಆರಿಸಿ ಮೇಲಿನ ಹರಿವಿಗೆ ಬಿಡಬೇಕು. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟೆ ಕೆಡವಲು 2011ರಿಂದ 2014ರವರೆಗೆ ಹಿಡಿಯಿತು. ಮೀನು ಬರುವ ದಿನಗಳಲ್ಲಿ ನೀರು ಇಳಿಸುವುದನ್ನೇ ನಿಲ್ಲಿಸುತ್ತಿದ್ದರು.

ಹಿಟಾಚಿಗೆ ಡೀಸೆಲ್ ತುಂಬುವುದು ಹಳ್ಳದಿಂದ ಕನಿಷ್ಠ 30 ಮೀಟರ್ ದೂರದಲ್ಲಿ. ಸರಳು, ಕಾಂಕ್ರೀಟ್ ಚೂರು ಒಂದೂ ಉಳಿಯಕೂಡದು.

ಕಟ್ಟೆಯ ಮೇಲ್ಭಾಗದಲ್ಲಿ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್‌ನಂಥ, ನಾಡ ಮೀನನ್ನು ಹೊರದೂಡುವ ಪರದೇಶಿ ಮೀನು ಸೇರಿದ್ದರೆ ಅವನ್ನು ಬಲೆ ಹಾಕಿ ಹಿಡಿದುಬಿಡಿ, ಬೇರೆ ಕೆರೆಗೆ ಒಯ್ದು ಬಿಡಬೇಡಿ. ಅವು ಕೆಳಗೆ ಮಾತ್ರ ಇದ್ದರೆ, ಮೇಲಿನ ಹಳ್ಳವನ್ನು ಈವರೆಗೆ ಕಾಯ್ದದ್ದು ಆ ಗೋಡೆಯೇ; ಆಗ ತೆಗೆಯುವ ತೀರ್ಮಾನವನ್ನೇ ಮತ್ತೊಮ್ಮೆ ಯೋಚಿಸಬೇಕು. ಬರಿದಾದ ಹೂಳಿನ ಮೇಲೆ ಮೊದಲು ಹಬ್ಬುವುದು ಲಂಟಾನ, ಯುಪಟೋರಿಯಂನಂಥ ಕಳೆ. ಅದಕ್ಕೆ ಮುಂಚೆಯೇ ಲಾವಂಚ, ವಾಟೆ, ಹೊಂಗೆ, ಹೊಳೆಮತ್ತಿ ನೆಡಬೇಕು.

ಕಟ್ಟೆ ಹೋದ ಮೇಲೆ ಹಳ್ಳದ ತಳ ಮೇಲ್ಮುಖವಾಗಿ ಕೊರೆಯುತ್ತ ಹೋಗುತ್ತದೆ. ಮೇಲೆ ಸೇತುವೆ, ಪಂಪ್‌ಸೆಟ್ ಬಾವಿ ಇದ್ದರೆ ಅವುಗಳ ಬುಡ ಖಾಲಿಯಾಗುತ್ತದೆ. ಗೋಡೆ ಇದ್ದ ಜಾಗದಲ್ಲಿ ದಪ್ಪ ಕಾಡುಗಲ್ಲುಗಳನ್ನು ಸಾಲಾಗಿ ಹೂತು, 20 ಅಡಿಗೆ ಒಂದಡಿಗಿಂತ ಕಡಿದಾಗದಂತೆ ಇಳಿಜಾರು ಕೊಟ್ಟರೆ ಕೊರೆತವೂ ನಿಲ್ಲುತ್ತದೆ, ಮೀನೂ ಹತ್ತುತ್ತದೆ. ಕಲ್ಲು ಕೂತಿತೋ ಜಾರಿತೋ ಗೊತ್ತಾಗುವುದು ಆಷಾಢದ ಮಳೆ ಹೊಡೆದ ಮೇಲೆಯೇ. ಗುತ್ತಿಗೆದಾರರ ಬಿಲ್ಲಿನಲ್ಲಿ ಒಂದು ಪಾಲನ್ನು ಆ ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವಂತೆ ಕರಾರಿನಲ್ಲೇ ಬರೆಯಲಿ.

ಇತಿ,
ಹೇಮಾವತಿ ಹೊಳೆಸಾಲಿನ ಓದುಗರು
ಸಕಲೇಶಪುರ, ಹಾಸನ ಜಿಲ್ಲೆ