ಆಯಿಲ್ ಪಂಪ್ ದೊಡ್ಡದಾದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ರೇಸ್ ಕಾರುಗಳ ಕುರಿತ ಬರಹಗಳು ಟರ್ಬೊ, ಕ್ಯಾಮ್‌ಶಾಫ್ಟ್‌ಗಳ ಸುತ್ತಲೇ ಸುಳಿಯುತ್ತವೆ. ಬೇರಿಂಗ್‌ಗಳಿಗೆ ಆಯಿಲ್ ಒದಗಿಸಿ ಅವನ್ನು ಕಾಪಾಡುವ ಆಯಿಲ್ ಪಂಪಿನ ಪ್ರಸ್ತಾಪ ಅಪರೂಪ. ಹೆಚ್ಚು ಸಾಮರ್ಥ್ಯದ ಪಂಪ್ ಕೂರಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಅದು ಎಂಜಿನ್ನಿನ ಶಕ್ತಿಯನ್ನು ಹೆಚ್ಚು ಕಬಳಿಸುತ್ತದೆ, ಆಯಿಲನ್ನು ಬಿಸಿಯಾಗಿಸುತ್ತದೆ. ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ಡಿನಿಂದ ಆಯಿಲ್ ಮರಳುವುದು ತಡವಾದರೆ, ತಳದಲ್ಲಿ ಆಯಿಲ್ ಶೇಖರವಾಗುವ ಸಂಪನ್ನೇ ಬರಿದು ಮಾಡೀತು.

ನಿಮಿಷಕ್ಕೆ 8,000 ಸುತ್ತು ದಾಟುವ ಎಂಜಿನ್ನಿನಲ್ಲಿ ತೊಡಕು ಅನೇಕ ವೇಳೆ ಪಂಪ್ ಆಯಿಲನ್ನು ಹೀರುವ ಬದಿಯಲ್ಲಿರುತ್ತದೆ: ಅಲ್ಲಿನ ದಾರಿ ಕಿರಿದಾಗಿ, ಎರಕದ ಚೂಪು ಅಂಚುಗಳು ಹರಿವಿಗೆ ಅಡ್ಡಬಂದರೆ, ಪಂಪಿನೊಳಗಿನ ಗೇರುಗಳ ಸಂದು ತುಂಬುವಷ್ಟು ಆಯಿಲ್ ಬಾರದೆ ಗುಳ್ಳೆಗಳೆದ್ದು, ಒತ್ತಡದ ಮಾಪಕದ ಮುಳ್ಳು ನಡುಗತೊಡಗುತ್ತದೆ. ಆ ಅಂಚುಗಳನ್ನು ಉಜ್ಜಿ ದುಂಡಗಾಗಿಸಿ, ಪಂಪಿನ ಮತ್ತು ಎಂಜಿನ್ ಬ್ಲಾಕಿನ ರಂಧ್ರಗಳನ್ನು ಒಂದಕ್ಕೊಂದು ಹೊಂದಿಸುವುದೇ ಪೋರ್ಟಿಂಗ್. ಆದರೆ ಒಳದಾರಿ, ಹೊರದಾರಿಗಳ ನಡುವಿನ ಸಪಾಟು ಪಟ್ಟಿಯನ್ನು ಮುಟ್ಟಕೂಡದು (ಉತ್ಸಾಹಿಗಳ ಗ್ರೈಂಡರ್‌ಗೆ ಅದೇ ಪ್ರಿಯ!), ಅದು ಸವೆದರೆ ಆಯಿಲ್ ಹಿಂದಕ್ಕೆ ಸೋರಿ ಒತ್ತಡ ಕುಸಿಯುತ್ತದೆ.

ಲೋಹದ ಪುಡಿಯನ್ನು ಒತ್ತಿ ತಯಾರಿಸಿದ ಪಂಪ್ ಗೇರುಗಳು ಎಂಜಿನ್ನಿನ ಮುಖ್ಯ ತಿರುಗುಕಂಬಿಯಾದ ಕ್ರ್ಯಾಂಕ್‌ಶಾಫ್ಟಿನ ತಿರುಚು ಕಂಪನಕ್ಕೆ ಒಡೆಯುವುದುಂಟು. ಗಟ್ಟಿ ಉಕ್ಕಿನಿಂದ ಕೊರೆದು ತೆಗೆದ ಗೇರುಗಳಿಗೆ ಮಾಡುವ ಖರ್ಚು ದಂಡವಲ್ಲ. ಆಯಿಲ್ ಒತ್ತಡವು ನಿಮಿಷದ ಪ್ರತಿ 1,000 ಸುತ್ತಿಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಇರಬೇಕೆಂಬ ಹಳೆಯ ಲೆಕ್ಕ ಆರಂಭಕ್ಕೆ ಸಾಕು. ಈ ವಿಷಯದ ಬಗ್ಗೆ ಅನುಭವಿ ಮೆಕ್ಯಾನಿಕ್‌ಗಳಿಂದ ಲೇಖನ ಬರೆಸಬೇಕೆಂದು ವಿನಂತಿ.

ಇಂತಿ,
ತಮ್ಮ ಓದುಗ